ಬುಟ್ಟಿಯಲ್ಲಿ ಎರಡು ಲೋಟ

ಫೆಬ್ರವರಿ ೧೧, ೧೯೯೬. ಬಾರಿಯೋ

ಚರ್ಚಿನಿಂದ ಬರುವಷ್ಟರಲ್ಲಿ ಯಗುಂಗ್ ನಮ್ಮ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದ. ಮಗಳು ಮಾರ್ತಾಳ ಗಂಡನ ಚಿಕ್ಕಪ್ಪ ಇವನು. ಗಡಿಯಾಚೆ ಅವಳನ್ನು ಕೊಟ್ಟ ಕ್ರಯಾನ್ ಸೀಮೆಯಿಂದ ಮೂರು ದಿನ ಕಾಡಿನಲ್ಲಿ ಎಮ್ಮೆ ಹೊಡೆದುಕೊಂಡು ಬಂದು ಇಲ್ಲಿ ಮಾರಿ ಹೋಗುತ್ತಾನೆ. ಎಮ್ಮೆಗಳಿಗಿಂತ ನಿಧಾನದವನು. ಕಾಫಿ ಕುಡಿದ, ಅನಾನಸ್ ತಿಂದ, ಈ ಸಲ ಭತ್ತ ಹೇಗೆ ಅಂತ ವಿಚಾರಿಸಿದ. ಆಮೇಲೆ ಬಾಯಿ ಒರೆಸಿಕೊಂಡು, "ಅಂದ ಹಾಗೆ ಅಕ್ಕ, ನೀನು ಅಜ್ಜಿ ಆದೆ. ಹೆಣ್ಣು ಮಗು," ಅಂದ.

ಅಂದ ಹಾಗೆ ಅಂತೆ! ತಲೆಗೆ ಒಂದು ಮೊಟಕೋಣ ಅನ್ನಿಸಿತು. ಮೊಟಕುವ ಬದಲು ಅತ್ತುಬಿಟ್ಟೆ. ಒಂದೇ ಸೂರಿನಡಿ ಸಂಸಾರಕ್ಕೊಂದು ಒಲೆ ಇರುವ ನಮ್ಮ ಉದ್ದಮನೆಯ ಅಷ್ಟೂ ಒಲೆಯವರು ಬಂದು ನನ್ನ ಸುತ್ತ ಕೂತರು.

"ಮಾರ್ಚ್ ಐದಕ್ಕೆ ಹೆಸರು ಬದಲಿಸೋ ಹಬ್ಬ ಇಟ್ಕೊಂಡಿದ್ದಾರೆ," ಅಂದ ಯಗುಂಗ್. "ಎಮ್ಮೆ ಕಡೀತಾರೆ. ನೀನು ಅಜ್ಜಿ ಹೆಸರು ಆರಿಸ್ಕೊಂಡೇ ಬರ್ಬೇಕಂತೆ. ನಾನು ವಾಪಸ್ ಹೋಗುವಾಗ ಕರ್ಕೊಂಡು ಹೋಗ್ತೀನಿ."

ಆಗ ನನ್ನ ಅಳು ನಿಂತಿತು. ಮಗು ಹುಟ್ಟಿದರೆ ತಂದೆ ತಾಯಿಯ ಹೆಸರು ಬದಲಾಗಬೇಕು, ಮೊಮ್ಮಗು ಹುಟ್ಟಿದರೆ ಅಜ್ಜ ಅಜ್ಜಿಯದು. ಇದು ನಮ್ಮಲ್ಲಿ ಹುಲ್ಲು ಬೆಳೆದಷ್ಟು ಸಹಜ. ಇಷ್ಟು ವರ್ಷ ಎಷ್ಟು ಜನರ ಹಬ್ಬದಲ್ಲಿ ಉಂಡು ಕೈ ತೊಳೆದು ಬಂದಿಲ್ಲ ನಾನು? ಆದರೆ ಹೊಸ ಹೆಸರು ಬಂತೆಂದರೆ ಹಳೆಯದನ್ನು ಯಾರೂ ಕರೆಯುವುದಿಲ್ಲ.

ಮಾರ್ತಾ ಹುಟ್ಟಿದಾಗ ನನ್ನ ಗಂಡ ಮಾರನ್ ತೌ ಆದ, ನಾನು ಸಿನಾ ತೌ ಆದೆ. ತೌ ಅವನೇ ಆರಿಸಿದ್ದು. ತೌ ಅಂದರೆ ನಾವು, ಎದುರಿಗೆ ಕೇಳುತ್ತಿರುವ ನೀನೂ ಸೇರಿದ ನಾವು. ನಿನ್ನನ್ನು ಬಿಟ್ಟು 'ನಾವು' ಅನ್ನುವುದಕ್ಕೆ ಬೇರೆ ಮಾತಿದೆ, ಕಮಿ. "ಹೆಸರಲ್ಲಿ ಕಮಿ ಇಟ್ಕೊಂಡ್ರೆ ಬಂದೋರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ತೌ ಇರ್ಲಿ," ಅಂದಿದ್ದ. 'ಸಿನಾ ತೌ' ಅಂತ ದಿನಕ್ಕೆ ಹತ್ತು ಸಲ ಸುಮ್ಮನೆ ಕರೆಯುತ್ತಿದ್ದ, ಕೆಲಸವೇ ಇಲ್ಲದಿದ್ದರೂ.

ಸತ್ತವರಿಗೆ ಹೊಸ ಹೆಸರಿಡುವುದಿಲ್ಲ. ಹೋದ ವರ್ಷದ ಜ್ವರದಲ್ಲಿ ಅವನು ಮಾರನ್ ತೌ ಆಗಿಯೇ ಹೋದ. ಈಗ ನಾನೂ ಆ ಹೆಸರು ಬಿಟ್ಟರೆ ಅವನೊಬ್ಬನೇ ಅಲ್ಲಿ ಉಳಿಯುತ್ತಾನೆ. ಆಗುವುದಿಲ್ಲ. ಹೋಗುತ್ತೇನೆ, ಮಗುವನ್ನು ಎತ್ತಿಕೊಳ್ಳುತ್ತೇನೆ, ಹೆಸರು ಮಾತ್ರ ಬಿಡುವುದಿಲ್ಲ. ಎಲ್ಲರೆದುರಿಗೆ ಎದ್ದು ನಿಂತು 'ಬೇಡ' ಅನ್ನುತ್ತೇನೆ, ಯಗುಂಗ್‌ಗೂ ಹಾಗೇ ಹೇಳಿದ್ದೇನೆ. ಮಾರ್ತಾಳಿಗೆ ಅವಮಾನವಾದೀತು. ಆಗಲಿ.

ಫೆಬ್ರವರಿ ೧೩

ಅಟ್ಟದಿಂದ ಅವನ ಬೆನ್ನುಬುಟ್ಟಿ ಇಳಿಸಿದೆ. ಬೆತ್ತ ಸೀಳಿ ಅವನೇ ಹೆಣೆದ ಬೆಕಾಂಗ್. ಗಡಿ ದಾಟುವವರಿಗೆ ದಾರಿ ತೋರಿಸಲು ಹೋದಾಗಲೆಲ್ಲ ಅವನ ಬೆನ್ನಿಗೆ ಇದೇ ಇರುತ್ತಿತ್ತು. ತಳದಲ್ಲಿ ಬೆಂಕಿ ಹೊತ್ತಿಸುವ ರಾಳದ ಒಂದು ಉಂಡೆ ಇನ್ನೂ ಇದೆ.

ತುಂಬಿಸುತ್ತಾ ಹೋದೆ. ಅವನ ಕ್ಯಾನ್ವಾಸ್ ಟಾರ್ಪಾಲು, ಒಣಗಿದ್ದಾಗಲೇ ಭಾರ, ಒದ್ದೆಯಾದರೆ ದೇವರೇ ಗತಿ. ಅವನ ಮಚ್ಚು. ಅವನ ಉಣ್ಣೆಯ ಕಂಬಳಿ. ಹಗ್ಗ. ಹಬ್ಬಕ್ಕೆ ನನ್ನ ಮಣಿಟೋಪಿ. ಮಗಳಿಗೆ ನಮ್ಮೂರ ಉಪ್ಪುನೀರಿನ ಬುಗ್ಗೆಯ ಉಪ್ಪು, ಎಲೆಯಲ್ಲಿ ಕಟ್ಟಿ. ಕೊನೆಗೆ ಎರಡು ಅಲ್ಯೂಮಿನಿಯಂ ಲೋಟ. ದೊಡ್ಡದು ಅವನದು, ಚಿಕ್ಕದು ನನ್ನದು. ಒಂದರೊಳಗೊಂದು ಕೂತುಬಿಟ್ಟರೆ ಬಿಡಿಸಲು ಬಿಸಿನೀರೇ ಬೇಕು. ಚಿಕ್ಕದೊಂದೇ ಸಾಕಿತ್ತು. ಆದರೆ ಬಿಸಿನೀರು ಕಾಯಿಸುವವರು ಯಾರು, ಹಾಗೇ ಇಟ್ಟೆ.

ಅಷ್ಟರಲ್ಲಿ ನಾದಿನಿ ಸುಪಂಗ್ ಬಂದಳು. ಅವಳ ಒಲೆ ನಮ್ಮದರ ಪಕ್ಕದ್ದೇ. ಅಣ್ಣ ಹೋದ ಮೇಲೆ ದಿನಾ ಬಂದು ಕೂರುತ್ತಾಳೆ. ಬಾಯಿ ಸುಮ್ಮನಿರದು. "ಯಾರ್ಯಾರು ಹೊರಟಿದ್ದು ಅತ್ತಿಗೆ?" ಅಂದಳು.

ನನ್ನ ತಲೆ ಬುಟ್ಟಿಯೊಳಗಿತ್ತು. "ತೌ," ಅಂದೆ.

ಅಂದದ್ದು ನನ್ನನ್ನೂ ಅವನನ್ನೂ. ಬುಟ್ಟಿಯೊಳಗೆ ಅವನ ವಾಸನೆ ಇತ್ತು, ಅದಕ್ಕೇ ಬಾಯಿಗೆ ಬಂತೇನೋ. ತಲೆ ಎತ್ತುವಷ್ಟರಲ್ಲಿ ಸುಪಂಗ್‌ಳ ಮುಖ ಅರಳಿಹೋಗಿತ್ತು. "ನಾನೂನಾ? ನಿಜವಾಗ್ಲೂ ನಾನೂನಾ ಅತ್ತಿಗೆ?" ಅನ್ನುತ್ತಾ ಓಡಿದಳು. ಉದ್ದಮನೆಯ ಕೊನೆಯ ಒಲೆಯವರೆಗೂ ಅವಳ ದನಿ ಕೇಳುತ್ತಿತ್ತು.

ಕಮಿ ಅನ್ನಬೇಕಿತ್ತು. ತೊದಲು ಮಾತಿನ ಮಗುವೂ ಮಾಡದ ತಪ್ಪು. ನಾನು ಮೇಷ್ಟ್ರಮ್ಮ ಬೇರೆ, ಇಡೀ ಊರಿನ ಮಕ್ಕಳಿಗೆ ಭಾಷೆ ತಿದ್ದಿದವಳು.

ಫೆಬ್ರವರಿ ೧೪

ಸುಪಂಗ್‌ಗೆ ಹೇಳಲು ಹೋದೆ. ರಬ್ಬರ್ ಬೂಟು ಒಲೆಯ ಮುಂದೆ ಸಾಲಾಗಿಟ್ಟುಕೊಂಡು ಯಾವುದರಲ್ಲಿ ತೂತಿಲ್ಲ ಅಂತ ನೀರು ಹಾಕಿ ನೋಡುತ್ತಿದ್ದಳು. ಎಲ್ಲದರಲ್ಲೂ ತೂತು. ಹೇಳದೆ ಬಂದೆ.

ಫೆಬ್ರವರಿ ೧೭

ಇವತ್ತು ದೊಡ್ಡ ಜಗಳ. ಸುಪಂಗ್ ತನ್ನ ಸಾಮಾನು ಹೊತ್ತು ತಂದು ನನ್ನ ಚಾಪೆಯ ಮೇಲೆ ಸುರಿದಳು: ದಿಂಬು, ಕಬ್ಬಿಣದ ಕೆಟಲು, ಎರಡು ಛತ್ರಿ, ಕನ್ನಡಿ, ಬೇರೆಯವರಿಗೆ ಮದುವೆಗೆ ಕೊಟ್ಟು ವಾಪಸ್ ಬಂದ ಹೂವಿನ ಚಿತ್ರದ ತಟ್ಟೆ. ಹಿಂದೆಯೇ ಕಾಲು ಕಟ್ಟಿದ ಒಂದು ಕೋಳಿ.

"ಇದೇನೇ ಇದು, ಕಾಡಿಗೆ ಹೊರಟಿದ್ದೀಯೋ ಸಂಸಾರ ಹೂಡೋಕೆ ಹೊರಟಿದ್ದೀಯೋ?"

"ಬಾಣಂತಿಗೆ ಕೋಳಿ ಬೇಡ್ವಾ?"

"ಕ್ರಯಾನ್‌ನಲ್ಲಿ ಕೋಳಿ ಹುಟ್ಟೋದೇ ಇಲ್ವಾ?"

"ಹುಟ್ಟುತ್ತೆ. ಆದ್ರೆ ಅದು ಮಾರ್ತಾ ಕಂಡ ಕೋಳಿ ಅಲ್ಲ. ಇದರ ಅಜ್ಜಿ ಕೋಳೀನ ಅವಳೇ ಸಾಕಿದ್ದು," ಅಂದಳು.

ಕಾಡು ಕೊಡೋದನ್ನ ಮನೆಯಿಂದ ಹೊರಬೇಡ ಅನ್ನುತ್ತಿದ್ದ ಅವನು. ಕಂಬ ಕಾಡಿನಲ್ಲಿದೆ, ಸೌದೆ ಕಾಡಿನಲ್ಲಿದೆ, ತಟ್ಟೆಗೆ ಎಲೆ ಇದೆ. ಮನೆಯಿಂದ ಬೇಕಾದದ್ದು ಅಕ್ಕಿ, ಉಪ್ಪು, ಬೆಂಕಿ, ಒಣಗಿದ ಒಂದು ಜೊತೆ ಬಟ್ಟೆ. ಇದನ್ನೇ ಅವಳಿಗೆ ಹೇಳಿದೆ. ಒಂದೊಂದಾಗಿ ತೆಗೆಸಿದೆ. ದಿಂಬು ಹೋಯಿತು, ಕನ್ನಡಿ ಹೋಯಿತು, ಛತ್ರಿ ಹೋಯಿತು. ತಟ್ಟೆ ಹೋಗುವಾಗ ಅವಳ ಕಣ್ಣು ತುಂಬಿತು, ಆದರೂ ಹೋಯಿತು. ಕೋಳಿ ಹೋಗಲಿಲ್ಲ.

ಆಮೇಲೆ ಅವಳು ನನ್ನ ಬುಟ್ಟಿ ಎತ್ತಲು ನೋಡಿದಳು. ನೆಲ ಬಿಟ್ಟು ಏಳಲಿಲ್ಲ. "ಅತ್ತಿಗೆ, ಇದ್ರಲ್ಲಿ ಅಣ್ಣನ್ನೇ ಕೂರಿಸಿದ್ದೀಯಾ?" ಅಂದಳು.

ತಮಾಷೆಗೆ ಅಂದದ್ದು. ನಾನು ಹೊರಗೆ ಹೋಗಿ ಅನಾನಸ್ ಗಿಡಗಳ ಹತ್ತಿರ ನಿಂತು ಬಂದೆ.

ಫೆಬ್ರವರಿ ೨೦

ಉಪ್ಪಿನ ಬುಗ್ಗೆಯವರೆಗೆ ಬುಟ್ಟಿ ಹೊತ್ತು ನಡೆದು ನೋಡೋಣ ಅಂತ ಹೊರಟೆವು. ಯಗುಂಗ್‌ನದೇ ಸಲಹೆ. ಎಮ್ಮೆಗಳನ್ನೂ ಹೀಗೇ ನಡೆಸಿ ನೋಡುತ್ತಾನಂತೆ.

ಹೋಗುವಾಗ ಪರವಾಗಿಲ್ಲ ಅನ್ನಿಸಿತು. ಬರುವಾಗ ಮಳೆ. ಗಂಡನ ಭುಜಕ್ಕೆ ಅಳತೆ ಮಾಡಿದ ಪಟ್ಟಿಗಳು ನನಗೆ ದೊಗಲೆ. ಒಂದು ಜಾರಿದರೆ ಇನ್ನೊಂದು ಕೊರೆಯುತ್ತದೆ. ಕೆಸರಿನಲ್ಲಿ ಎರಡು ಸಲ ಕೂತೆ. ಮೂರನೇ ಸಲ ಏಳಲು ಆಗಲಿಲ್ಲ. ಆಮೆಯ ಹಾಗೆ ಅಂಗಾತ ಬಿದ್ದು ಕೈಕಾಲು ಆಡಿಸುತ್ತಿದ್ದರೆ ಸುಪಂಗ್ ನಕ್ಕೂ ನಕ್ಕೂ ಅವಳೂ ಬಿದ್ದಳು.

ಮನೆಗೆ ಬಂದು ಭುಜ ನೋಡಿದಳು. ಚರ್ಮ ಸುಲಿದಿತ್ತು. ನಗು ನಿಂತುಹೋಯಿತು. "ಪಟ್ಟಿ ಕತ್ತರಿಸಿ ಗಿಡ್ಡ ಮಾಡ್ಕೊಡ್ತೀನಿ, ಚಾಕು ಕೊಡು," ಅಂದಳು.

"ಮುಟ್ಟಬೇಡ!" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅವನು ಹೆಣೆದದ್ದು. ನಿನಗೇನು ಗೊತ್ತು? ಅಷ್ಟಕ್ಕೂ ನಿನ್ನನ್ನ ಯಾರು ಕರೆದರು? ನಾನು ಹೇಳಿದ್ದು ನನ್ನನ್ನೂ ಅವನನ್ನೂ. ಬಾಯಿ ತಪ್ಪಿ ತೌ ಅಂದೆ, ಅಷ್ಟೇ."

ಅವಳು ಚಾಪೆಯ ಮೇಲೆ ಬಿದ್ದಿದ್ದ ಜಿಗಣೆಯೊಂದನ್ನು ಹೆಕ್ಕಿ ಒಲೆಗೆ ಹಾಕಿ ಹೋದಳು.

ಫೆಬ್ರವರಿ ೨೧

ಭುಜ ಊದಿದೆ. ಪಕ್ಕದ ಒಲೆಯಲ್ಲಿ ಸದ್ದಿಲ್ಲ.

ಫೆಬ್ರವರಿ ೨೨

ಇವತ್ತೂ ಸದ್ದಿಲ್ಲ. ಕೋಳಿ ಮಾತ್ರ ಬಂದು ನನ್ನ ಅಕ್ಕಿ ತಿಂದು ಹೋಯಿತು.

ಫೆಬ್ರವರಿ ೨೪

ಬೆಳಿಗ್ಗೆ ಗದ್ದೆಯಿಂದ ಬಂದು ನೋಡಿದರೆ ಬುಟ್ಟಿಯ ಪಟ್ಟಿಗಳಿಗೆ ಬಟ್ಟೆ ಸುತ್ತಿದೆ. ಬೆತ್ತವನ್ನು ಎಲ್ಲೂ ಕತ್ತರಿಸಿಲ್ಲ. ಹತ್ತಿ ತುರುಕಿ, ಒಳಗಡೆಗೆ ಮಡಚಿ, ಒತ್ತೊತ್ತಾಗಿ ಹೊಲಿದು ನನ್ನ ಭುಜದಳತೆಗೆ ತಂದಿದ್ದಾಳೆ. ಬಟ್ಟೆಯ ಗುರುತು ಹತ್ತಿತು, ಅವಳು ಚರ್ಚಿಗೆ ಉಡುವ, ಲುಂಗಿಯಂಥ ನೀಲಿ ಸರೋಂಗ್. ಹತ್ತಿ ಆ ದಿಂಬಿನದು.

ಅವಳ ಒಲೆಗೆ ಹೋದೆ. ಹಿಟ್ಟಿನ ಚೀಲದ ಬಟ್ಟೆಯಲ್ಲಿ ಜಿಗಣೆ ಹತ್ತದ ಹಾಗೆ ಮೊಣಕಾಲವರೆಗಿನ ಕಾಲುಚೀಲ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಒಂದೇ ಜೊತೆ ಹೊಲೀತಿದ್ದೀಯಲ್ಲ," ಅಂದೆ.

"ನಿನಗೆ. ನಾನು ಬರಲ್ಲ ಅತ್ತಿಗೆ. ಕರೀದೇ ಹೋಗೋಕೆ ನಾನೇನು ನಾಯೀನಾ?"

ಕೂತೆ. ಸೂಜಿ ಕೊಡು ಅಂದೆ, ಕೊಡಲಿಲ್ಲ. ಅವಳೇ ಮಾತು ತೆಗೆದಳು. "ಹೊಸ ಹೆಸರು ಬೇಡ ಅಂತೀಯಂತೆ. ಯಗುಂಗ್ ಹೇಳ್ದ. ನಿನ್ನಿಷ್ಟ. ಆದ್ರೆ ನನ್ನ ನೋಡು ಅತ್ತಿಗೆ. ತಲೆ ನರೆತು ಹಲ್ಲು ಬಿದ್ದು ಅರವತ್ತಾಯ್ತು. ಹೊಟ್ಟೇಲಿ ಒಂದೂ ಹುಟ್ಟಲಿಲ್ಲ. ನನ್ನ ಜೊತೆ ಆಡಿದೋರೆಲ್ಲ ಅಮ್ಮನ ಹೆಸರು ಕಳೆದು ಅಜ್ಜಿ ಹೆಸರಿಗೆ ಬಂದ್ರು. ನಾನು ಹುಟ್ಟಿದಾಗಿಂದ ಸುಪಂಗ್. ಚಡ್ಡಿ ಹಾಕದ ಹುಡುಗರೂ ಸುಪಂಗ್ ಅಂತಾರೆ. ಸತ್ತಾಗಲೂ ಸುಪಂಗ್ ಸತ್ಳು ಅಂತಾರೆ, ಯಾವುದೋ ಹುಡುಗಿ ಸತ್ತಳೇನೋ ಅನ್ನೋ ಹಾಗೆ."

ಇಷ್ಟು ವರ್ಷ ಪಕ್ಕದ ಒಲೆಯಲ್ಲಿದ್ದಳು. ನಾನು ಶಾಲೆಗೆ ಹೋದಾಗ ಮಾರ್ತಾಳನ್ನು ಬೆನ್ನಿಗೆ ಕಟ್ಟಿಕೊಂಡು ನಾಟಿ ಮಾಡಿದಳು. ಮಾರ್ತಾ ಮೊದಲ ಹೆಜ್ಜೆ ಇಟ್ಟದ್ದು ಇವಳ ಬೆರಳು ಹಿಡಿದು. ಈ ಮಾತು ಒಮ್ಮೆಯೂ ಆಡಿರಲಿಲ್ಲ.

"ನನಗೊಬ್ಬಳಿಗೆ ಆ ಕೋಳಿ ಹೊರೋಕಾಗಲ್ಲ. ನೀನೇ ಬಂದು ಹೊರು," ಅಂದೆ.

ಸೂಜಿ ಕೊಟ್ಟಳು.

ಫೆಬ್ರವರಿ ೨೭

ನಾಳೆ ಹೊರಡುವುದು. ಬುಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ. ಕ್ಯಾನ್ವಾಸ್ ತೆಗೆದು ಯಗುಂಗ್‌ನ ಹಗುರ ಪ್ಲಾಸ್ಟಿಕ್ ಹಾಳೆ ಹಾಕಿದೆ, ಭಾರ ಕಡಿಮೆಯಾಗಲಿ ಅಂತ. ಅವನ ಮಚ್ಚು ಗೋಡೆಗೆ ತೂಗುಹಾಕಿದೆ. ನನ್ನ ಸಣ್ಣ ಕತ್ತಿ ಸಾಕು, ನಾನೇನು ಮರ ಕಡಿಯುವುದಿಲ್ಲ. ಅವನ ಕಂಬಳಿಯನ್ನೂ ಬಿಟ್ಟೆ. ಸುಪಂಗ್‌ಳದು ಅಗಲವಾಗಿದೆ, ಇಬ್ಬರಿಗೂ ಆಗುತ್ತದೆ. ಖಾಲಿಯಾದ ಜಾಗದಲ್ಲಿ ಮಗುವಿಗೆ ಮೆತ್ತನೆಯ ಹಳೆ ಬಟ್ಟೆ ಮಡಚಿಟ್ಟೆ, ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ ಇಟ್ಟೆ. ಇನ್ನೂ ಜಾಗ ಉಳಿಯಿತು. ಸುಪಂಗ್ ಕಾಣದ ಹಾಗೆ ಆ ಹೂವಿನ ತಟ್ಟೆ ತುರುಕಿದೆ. ಒಡೆದರೆ ಒಡೆಯಲಿ.

ಲೋಟಗಳು ಹಾಗೆಯೇ ಇವೆ.

ಫೆಬ್ರವರಿ ೨೮. ಪಾ ಲುಂಗಾನ್

ದಾರಿಯಲ್ಲಿ ಇಲ್ಲಿಯವರೆಗೆ ಕಷ್ಟವಿಲ್ಲ. ಭುಜಕ್ಕೆ ಏನೂ ಆಗಿಲ್ಲ. ಕೋಳಿ ಸುಪಂಗ್‌ಳ ಬುಟ್ಟಿಯಿಂದ ತಲೆ ಹೊರಗೆ ಹಾಕಿ ಊರೂರಿನವರನ್ನು ಬೈಯುತ್ತಾ ಬಂತು. ಪರಿಚಯದವರ ಒಲೆಯ ಹತ್ತಿರ ಮಲಗುವ ಏರ್ಪಾಡು. ಎಲೆಯಲ್ಲಿ ಕಟ್ಟಿದ ಮೆತ್ತನೆಯ ಅನ್ನ ಕೊಟ್ಟರು. ಮಲಗುತ್ತೇನೆ.

ಫೆಬ್ರವರಿ ೨೯. ಕಾಡಿನಲ್ಲಿ

ಮಧ್ಯಾಹ್ನದಿಂದ ಮಳೆ ಬಿಟ್ಟಿಲ್ಲ. ತೊರೆ ಏರಿದೆ ಅಂತ ಯಗುಂಗ್ ಇಲ್ಲೇ ನಿಲ್ಲಿಸಿದ. ಕೋಲು ನೆಟ್ಟು ಹಾಳೆ ಕಟ್ಟಿದೆವು. ಹಸಿ ಸೌದೆ ಹೊತ್ತಲೊಲ್ಲದು. ಯಗುಂಗ್ ಊದಿ ಊದಿ ಕೆಮ್ಮುತ್ತಾ ಕೂತ. ಬುಟ್ಟಿಯ ತಳ ತಡಕಿದೆ. ಅವನ ರಾಳದ ಉಂಡೆ! ಎತ್ತಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ಸುಪಂಗ್‌ಳ ತುಟಿ ನೀಲಿಯಾಗಿತ್ತು. ಕೊಟ್ಟೆ. ಒಂದೇ ಕಡ್ಡಿಗೆ ಹೊತ್ತಿಕೊಂಡಿತು.

ಕಾಫಿ ಕಾಯಿತು. ಸುಪಂಗ್ ತನ್ನ ಬುಟ್ಟಿಯೆಲ್ಲ ಹುಡುಕಿದಳು. ಲೋಟ ಮರೆತಿದ್ದಾಳೆ! ಕಾಡಿಗೆ ಕನ್ನಡಿ ಹೊರಲು ಹೊರಟಿದ್ದವಳಿಗೆ ಲೋಟದ ನೆನಪಿಲ್ಲ. "ಎಲೆಯಲ್ಲಿ ಕುಡೀತೀನಿ ಬಿಡು," ಅಂತ ಎಲೆ ಮಡಚತೊಡಗಿದಳು. ಎಲೆ ಸೋರಿ ಕೈ ಸುಟ್ಟುಕೊಂಡಳು.

"ಏ, ಆ ಎಲೆ ಬಿಸಾಕು," ಅಂದೆ. ಬಿಸಿ ಕಾಫಿಯನ್ನು ಜೋಡಿಲೋಟದ ಮೇಲೇ ಸುರಿದು ತಿರುಗಿಸಿದೆ. ಬಿಟ್ಟಿತು. ದೊಡ್ಡದನ್ನು ಅವಳಿಗೆ ಕೊಟ್ಟೆ.

ಅವಳು ಕುಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು. "ಆರಿಹೋಗುತ್ತೆ, ಕುಡಿಯೇ ಮಾರಾಯ್ತಿ," ಅಂದೆ. ಕುಡಿದಳು. ಅಣ್ಣನ ಹಾಗೆಯೇ ಸದ್ದು ಮಾಡಿಕೊಂಡು ಕುಡಿಯುತ್ತಾಳೆ. ಇಷ್ಟು ದಿನ ಗಮನಿಸಿರಲೇ ಇಲ್ಲ.

ಮಾರ್ಚ್ ೧. ಕ್ರಯಾನ್

ಮಗು ನನ್ನ ತೋಳಿನಲ್ಲಿ ಮಲಗಿದೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಗಲ್ಲ ಅವನದು. ಬೇರೇನೂ ಬರೆಯಲಾರೆ.

ಮಾರ್ಚ್ ೬

ನಿನ್ನೆ ಹಬ್ಬವಾಯಿತು. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಯಾಕೆಂದರೆ ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ.

ಉದ್ದಮನೆಯ ತುಂಬ ಜನ. ಮಾರ್ತಾಳಿಗೂ ಅಳಿಯನಿಗೂ ತಾಯ್ತಂದೆಯರ ಹೆಸರು ಬಂತು. ಬೀಗರು ಅಜ್ಜ ಅಜ್ಜಿಯ ಹೆಸರು ಹೇಳಿದರು. ಜನ ಕೂಗಿ ಒಪ್ಪಿದರು. ಆಮೇಲೆ ಹಬ್ಬ ನಡೆಸುವ ಹಿರಿಯ ನನ್ನನ್ನು ಕರೆದ. "ಸಿನಾ ತೌ! ಇವತ್ತಿಗೆ ಈ ಹೆಸರು ಸಾಕು. ಮುಂದೇನು ಹೇಳು!"

ಎದ್ದು ನಿಂತೆ. ಮಣಿಟೋಪಿ ತಲೆಯ ಮೇಲೆ ಕಲ್ಲಿನಂತಿತ್ತು. ಬಾಯಿ ತೆಗೆದದ್ದು 'ಬೇಡ' ಅನ್ನಲಿಕ್ಕೇ. ಅಷ್ಟರಲ್ಲಿ ಕಂಬದ ಹತ್ತಿರ ಕೂತಿದ್ದ ಯಾರೋ ಪಡ್ಡೆ ಹುಡುಗ, "ಸುಪಂಗ್, ಸ್ವಲ್ಪ ನೀರು ತಾ," ಅಂದ. ಅವನ ಅಜ್ಜಿಗಿಂತ ದೊಡ್ಡವಳು ಅವಳು. ಸುಪಂಗ್ ನಗುತ್ತಲೇ ಎದ್ದಳು, ಮಗುವನ್ನು ಪಕ್ಕದವರಿಗೆ ಕೊಟ್ಟು, ತುಂಬಿದ ಬಿಂದಿಗೆ ಎತ್ತಿಕೊಂಡು ಹೊರಟಳು.

"ನಿಲ್ಲೇ," ಅಂದೆ.

ಇಡೀ ಮನೆ ನಿಂತಿತು.

"ಈ ಹೆಸರು ನಾನು ಬಿಡ್ತೀನಿ. ಆದ್ರೆ ಎಸೆಯೋಕೆ ಬಿಡಲ್ಲ," ಅಂದೆ. "ಇದು ನನ್ನ ಗಂಡ ಇಟ್ಟ ಹೆಸರು. ಅವನ ತಂಗಿ ಅಲ್ಲಿ ನಿಂತಿದ್ದಾಳೆ. ಇವತ್ತಿಂದ ಅವಳು ಸಿನಾ ತೌ."

ಗುಸುಗುಸು ಎದ್ದಿತು. ಹಿರಿಯ ಗಂಟಲು ಸರಿಪಡಿಸಿಕೊಂಡ. "ಅಲ್ಲಮ್ಮ, ಸಿನಾ ಅಂದ್ರೆ ತಾಯಿ. ಅವಳು ಯಾರ ತಾಯಿ?"

ನಾನು ಉತ್ತರ ಹುಡುಕುವ ಮೊದಲೇ ಮಾರ್ತಾ ಎದ್ದಳು. ಹಸಿ ಬಾಣಂತಿ. "ನನ್ನ ತಾಯಿ," ಅಂದಳು. "ಅಮ್ಮ ಶಾಲೇಲಿ ಇರ್ತಿದ್ಲು. ನನ್ನ ಹೊತ್ತಿದ್ದು ಇವಳ ಬೆನ್ನು."

ಸುಪಂಗ್ ನೀರಿನ ಬಿಂದಿಗೆ ಹಿಡಿದುಕೊಂಡೇ ನಿಂತಿದ್ದಳು. "ಬೇಡ ಅತ್ತಿಗೆ, ಅದು ನಿಮ್ಮಿಬ್ಬರದು, ನಿಂದೂ ಅಣ್ಣಂದೂ," ಅಂದಳು.

"ತೌ ಅಂದಿದ್ದೆ ನಾನು," ಅಂದೆ. "ಬುಟ್ಟಿ ಕಟ್ಟುವಾಗ. ನಿನಗೆ ಸರಿಯಾಗೇ ಕೇಳಿಸಿತ್ತು."

ಯಾರು ಮೊದಲು ಕೂಗಿದರೋ ಗೊತ್ತಿಲ್ಲ. ಯಗುಂಗ್ ಇರಬೇಕು. ಅವನು ಬೇಗ ಮಾಡಿದ ಕೆಲಸ ಇದೊಂದೇ. ಆಮೇಲೆ ಎಲ್ಲರೂ ಕೂಗಿದರು. ಸುಪಂಗ್ ಬಿಂದಿಗೆ ಬಿಟ್ಟಳು. ನೀರೆಲ್ಲ ಹಲಗೆ ನೆಲದ ಸಂದಿಯಲ್ಲಿ ಇಳಿದು ಕೆಳಗಿನ ಹಂದಿಗಳ ಮೇಲೆ ಸುರಿಯಿತು.

"ಸರಿ, ನಿನ್ನ ಹೆಸರು?" ಅಂದ ಹಿರಿಯ. ಅಯ್ಯೋ ದೇವರೇ, ನಾನು ಯೋಚನೆಯೇ ಮಾಡಿರಲಿಲ್ಲ! ಜನ ಕಾಯುತ್ತಿದ್ದಾರೆ, ನಾನು ಬಾಯಿ ಬಾಯಿ ಬಿಡುತ್ತಿದ್ದೇನೆ. ಸುಪಂಗ್ ಕಣ್ಣು ಒರೆಸಿಕೊಳ್ಳುತ್ತಲೇ ಕಿರುಚಿದಳು: "ಅಜ್ಜಿ ಬೆಕಾಂಗ್! ಆ ಬುಟ್ಟಿ ಹೊತ್ಕೊಂಡು ಆಮೆ ಹಾಗೆ ಬಿದ್ದಿದ್ಲಲ್ಲ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನಲ್ಲೇ ಕೂಗಿ ಒಪ್ಪಿಯೂ ಬಿಟ್ಟರು. ಆಯಿತು. ಅಷ್ಟು ವರ್ಷ ಪಾಠ ಹೇಳಿದ ಮೇಷ್ಟ್ರಮ್ಮ ಈಗ ತೆಪು ಬೆಕಾಂಗ್, ಬುಟ್ಟಿ ಅಜ್ಜಿ.

ಹೂವಿನ ತಟ್ಟೆ ಒಡೆದಿರಲಿಲ್ಲ. ಅದರಲ್ಲೇ ಅವಳಿಗೆ ಬಡಿಸಿದೆ.

ಮಾರ್ಚ್ ೧೦

ವಾಪಸ್ ಹೊರಡುವ ದಿನ. ಕೋಳಿಯನ್ನು ಇಲ್ಲೇ ಬಿಟ್ಟಿದ್ದೇವೆ. ಆಗಲೇ ಮೊಟ್ಟೆಗೆ ಕೂತಿದೆ. ಮಗುವಿನ ಬಟ್ಟೆ ಕೊಟ್ಟಾಯಿತು, ಉಪ್ಪು ಕೊಟ್ಟಾಯಿತು, ಬುಟ್ಟಿ ಹಗುರ. ಅಕ್ಕಿ, ಬೆಂಕಿಕಡ್ಡಿ, ಹಾಳೆ, ಕಂಬಳಿ. ಲೋಟ ಎರಡನ್ನೂ ಬೇರೆ ಬೇರೆ ಇಟ್ಟೆ. ಒಂದರೊಳಗೊಂದು ಸಿಕ್ಕಿಕೊಂಡರೆ ದಾರಿಯಲ್ಲಿ ಯಾರು ಬಿಡಿಸುತ್ತಾರೆ?

ಯಗುಂಗ್ ಅಂಗಳದಲ್ಲಿ ಕಾಯುತ್ತಿದ್ದ. ಅವಳದು ಇನ್ನೂ ಮಗುವಿನ ಜೊತೆ ಮಾತು ಮುಗಿದಿರಲಿಲ್ಲ. ಹೊತ್ತಾಯಿತು ಅಂತ ಮೆಟ್ಟಿಲ ಕೆಳಗಿನಿಂದ ಕೂಗಿದೆ: "ಸಿನಾ ತೌ!"

ಕೂಗಿದ ಮೇಲೆ ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಆ ಹೆಸರನ್ನು ಕೇಳಿದ್ದೆ, ಓಗೊಟ್ಟಿದ್ದೆ, ಒಂದು ಸಲವೂ ಕರೆದಿರಲಿಲ್ಲ. ನಮ್ಮ ಹೆಸರನ್ನು ನಾವೇ ಯಾಕೆ ಕರೆದುಕೊಳ್ಳುತ್ತೇವೆ? ಅವನ ಬಾಯಲ್ಲಿ ಅದು ಹೇಗಿತ್ತು ಅಂತ ಈಗ ಗೊತ್ತಾಯಿತು. ಮೊದಲ ಅಕ್ಷರಕ್ಕೆ ತುಟಿ ನಗುವ ಹಾಗೆ ಅಗಲವಾಗುತ್ತದೆ. ಕೊನೆಗೆ ಮುತ್ತಿಡುವ ಹಾಗೆ ಮುಂದೆ ಬರುತ್ತದೆ.

ಕೆಲಸವಿಲ್ಲದೆಯೂ ದಿನಕ್ಕೆ ಹತ್ತು ಸಲ ಯಾಕೆ ಕರೆಯುತ್ತಿದ್ದ ಅಂತ ಆಗ ತಿಳಿದಿರಲಿಲ್ಲ.

"ಬಂದೇ ಅತ್ತಿಗೆ," ಅಂತ ಒಳಗಿನಿಂದ ಉತ್ತರ ಬಂತು. ಬರಲಿಲ್ಲ. ಇನ್ನೊಂದು ಸಲ ಕರೆದೆ.